ಹುರಿಯುವಿಕೆ ಮತ್ತು ಕಾಫಿಯ ಉತ್ಕರ್ಷಣ ನಿರೋಧಕ ಗುಣ

ಪೀಠಿಕೆ

ವಯನಾಡು, ಗೂಡಲೂರು ಭಾಗದ ಮಕ್ಕಳಿಗೆ ಕಾಫಿ ಹೊಸ ವಸ್ತುವಲ್ಲ. ಅಂಗಳದಲ್ಲಿ ಹಣ್ಣು ಒಣಗುವುದನ್ನೂ ಬಾಣಲೆಯಲ್ಲಿ ಬೀಜವು ಹಸಿರು ಬಣ್ಣ ಕಳೆದುಕೊಂಡು ಕಂದಾಗುವುದನ್ನೂ ಅವರು ಕಂಡಿರುತ್ತಾರೆ. ಈ ಅನುಭವವನ್ನು ‘ಉತ್ಕರ್ಷಣ’, ‘ಅಪಕರ್ಷಣ’ ಎಂಬ ಪಠ್ಯದ ಪದಗಳೊಡನೆ ಜೋಡಿಸುವುದು ಶಿಕ್ಷಕರ ಕೆಲಸ. ಜೋಡಿಸದಿದ್ದರೆ ಆ ಪದಗಳು ಪರೀಕ್ಷೆಯೊಂದಿಗೇ ಮರೆತುಹೋಗುತ್ತವೆ. ತನ್ನ ಮನೆಯ ಬದುಕಿಗೂ ಕನ್ನಡದಲ್ಲಿ ಕಲಿತ ವಿಜ್ಞಾನಕ್ಕೂ ಸಂಬಂಧವಿಲ್ಲವೆಂದು ಮಗು ಭಾವಿಸುತ್ತದೆ.

ವಿಷಯ ವಿವರಣೆ

ಇತರ ಅಣುಗಳಿಂದ ಇಲೆಕ್ಟ್ರಾನುಗಳನ್ನು ಸೆಳೆದು ಹಾನಿ ಮಾಡಬಲ್ಲ ಚುರುಕು ಕಣಗಳಿಗೆ ತಾವೇ ಇಲೆಕ್ಟ್ರಾನು ಕೊಟ್ಟು ತಣಿಸುವ ವಸ್ತುಗಳು ಉತ್ಕರ್ಷಣ ನಿರೋಧಕಗಳು. ಹಸಿ ಕಾಫಿ ಬೀಜದಲ್ಲಿ ಇವುಗಳ ಮುಖ್ಯ ಗುಂಪು ಕ್ಲೋರೋಜೆನಿಕ್ ಆಮ್ಲಗಳು. ಹೆಸರಿನಲ್ಲಿ ‘ಕ್ಲೋರೋ’ ಇದ್ದರೂ ಇವುಗಳಲ್ಲಿ ಕ್ಲೋರಿನ್ ಇಲ್ಲ. ಅದು ಹಸಿರು ಎಂಬರ್ಥದ ಗ್ರೀಕ್ ಪದದಿಂದ ಬಂದದ್ದು. ವಯನಾಡಿನ ಮುಖ್ಯ ಬೆಳೆಯಾದ ರೋಬಸ್ಟಾದಲ್ಲಿ ಇವುಗಳ ಪ್ರಮಾಣ ಸಾಮಾನ್ಯವಾಗಿ ಅರೇಬಿಕಾಕ್ಕಿಂತ ಹೆಚ್ಚು.

ಹುರಿಯುವಾಗ ಎರಡು ಬದಲಾವಣೆಗಳು ಜೊತೆಯಾಗಿ ನಡೆಯುತ್ತವೆ. ಒಂದು ಕಡೆ ಕ್ಲೋರೋಜೆನಿಕ್ ಆಮ್ಲಗಳು ಒಡೆಯುತ್ತವೆ: ಹದವಾಗಿ ಹುರಿದಾಗಲೇ ಬಹುಭಾಗ ನಷ್ಟವಾಗಿ, ಕಪ್ಪಗೆ ಹುರಿದಾಗ ಅತ್ಯಲ್ಪ ಉಳಿಯುತ್ತದೆ. ಒಂದಂಶ ಲ್ಯಾಕ್ಟೋನುಗಳಾಗಿ ಮಾರ್ಪಟ್ಟು ಕಹಿಯನ್ನು ಕೊಡುತ್ತದೆ. ಇನ್ನೊಂದು ಕಡೆ ಸಕ್ಕರೆಗಳೂ ಅಮೈನೋ ಆಮ್ಲಗಳೂ ಕೂಡಿ ಮೆಲನಾಯ್ಡಿನ್ ಎಂಬ ಕಂದು ವಸ್ತುಗಳು ಹುಟ್ಟುತ್ತವೆ. ಫ್ರಾನ್ಸಿನ ಮೈಯಾರ್ 1912ರಲ್ಲಿ ವಿವರಿಸಿದ ಕ್ರಿಯೆ ಇದು. ಮೆಲನಾಯ್ಡಿನ್‌ಗಳಿಗೂ ಉತ್ಕರ್ಷಣ ನಿರೋಧಕ ಗುಣವಿದೆ. ಹೀಗೆ ಹಳೆಯದರ ನಷ್ಟವನ್ನು ಹೊಸದು ಭಾಗಶಃ ತುಂಬುತ್ತದೆ. ಆದ್ದರಿಂದ ಅನೇಕ ಅಳತೆಗಳಲ್ಲಿ ಎಳೆ ಮತ್ತು ನಡುಹದದ ಕಾಫಿಯ ಒಟ್ಟು ಸಾಮರ್ಥ್ಯ ಹೆಚ್ಚಾಗಿಯೂ ಕಪ್ಪಗೆ ಹುರಿದದ್ದರ ಸಾಮರ್ಥ್ಯ ಕಡಿಮೆಯಾಗಿಯೂ ಕಾಣುತ್ತದೆ. ಕೆಫೀನ್ ಮಾತ್ರ ಹುರಿದ ಮೇಲೂ ಬಹುಪಾಲು ಉಳಿಯುತ್ತದೆ.

ತರಗತಿ ಚಟುವಟಿಕೆ

1. ತಲಾ 50 ಗ್ರಾಂ ಹಸಿ ಬೀಜವನ್ನು ಶಿಕ್ಷಕರೇ ಎಳೆ, ನಡು, ಕಪ್ಪು ಎಂಬ ಮೂರು ಹದಕ್ಕೆ ಹುರಿಯಲಿ. ಮಕ್ಕಳು ಬೆಂಕಿಯಿಂದ ದೂರವಿದ್ದು ಬಣ್ಣ, ವಾಸನೆ, ಆರಿದ ಮೇಲಿನ ತೂಕವನ್ನು ಬರೆದುಕೊಳ್ಳಲಿ. ಕಳೆದ ತೂಕ ಬಹುಮಟ್ಟಿಗೆ ನೀರಾವಿಯಾಗಿ, ಉಳಿದದ್ದು ಇಂಗಾಲದ ಡೈಆಕ್ಸೈಡ್ ಮೊದಲಾದ ಅನಿಲಗಳಾಗಿ ಹೋಗಿರುತ್ತದೆ.

2. ನೀರಿಗೆ ಎರಡು ಹನಿ ಟಿಂಕ್ಚರ್ ಅಯೋಡಿನ್ ಬೆರೆಸಿ ನಿಂಬೆರಸ ಹಾಕಿದರೆ ಬಣ್ಣ ಮಾಯವಾಗುತ್ತದೆ. ಇಲ್ಲಿ ಇಲೆಕ್ಟ್ರಾನು ಕೊಟ್ಟದ್ದು ‘ಸಿ’ ಜೀವಸತ್ವ. ಕಾಫಿಯ ಸ್ವಂತ ಬಣ್ಣ ಈ ಬದಲಾವಣೆಯನ್ನು ಮರೆಮಾಡುವುದರಿಂದ ನಿಂಬೆಯನ್ನೇ ಬಳಸಬೇಕು.

ಸೊಲ್ಲಾಪುರ, ಅಕ್ಕಲಕೋಟೆ, ರಾಯದುರ್ಗದ ಕಡೆ ಕಾಫಿ ಬೀಜ ಸಿಗದಿದ್ದರೆ ಶೇಂಗಾ ಹುರಿಯಬಹುದು. ಜೋಳದ ರೊಟ್ಟಿಯ ಮೇಲಿನ ಕಂದು ಚುಕ್ಕೆಗಳಲ್ಲಿಯೂ ಮೈಯಾರ್ ಕ್ರಿಯೆಯ ಪಾಲಿದೆ.

ಎಚ್ಚರಿಕೆ

ಪ್ರನಾಳದಲ್ಲಿ ಅಳೆದ ಗುಣವು ದೇಹದಲ್ಲಿಯೂ ಅಷ್ಟೇ ಫಲ ಕೊಡುತ್ತದೆಂದು ಹೇಳಲಾಗದು. ಕಾಫಿ ಔಷಧವೆಂಬ ಭಾವನೆ ಮಕ್ಕಳಲ್ಲಿ ಮೂಡಬಾರದು. ಅಳತೆ ಹೇಳುವುದೆಷ್ಟು, ಜಾಹೀರಾತು ಹೇಳುವುದೆಷ್ಟು ಎಂದು ಬೇರ್ಪಡಿಸಲು ಕಲಿತರೆ ಈ ಪಾಠದ ಉದ್ದೇಶ ಈಡೇರಿದಂತೆ.

ಮೌಲ್ಯಮಾಪನ

1. ಕ್ಲೋರೋಜೆನಿಕ್ ಆಮ್ಲ ಕಡಿಮೆಯಾದರೂ ಒಟ್ಟು ಸಾಮರ್ಥ್ಯ ಅದೇ ಪ್ರಮಾಣದಲ್ಲಿ ಕುಸಿಯುವುದಿಲ್ಲ. ಏಕೆ?
2. ‘ಕಪ್ಪಗೆ ಹುರಿದಷ್ಟೂ ಕೆಫೀನ್ ಹೆಚ್ಚು’ ಎಂಬ ಮಾತು ಸರಿಯೇ? ಕಾರಣ ಕೊಡಿ.
3. ಹುರಿಯುವ ಹದಗಳಿಗೆ ನಿಮ್ಮ ಮನೆಮಾತಿನಲ್ಲಿರುವ ಪದಗಳನ್ನು ಹಿರಿಯರಿಂದ ಕೇಳಿ ಪಟ್ಟಿ ಮಾಡಿ.