ಮುಂಜಾನೆ ಧಾರವಾಡ, ಸಂಜೆ ಹುಬ್ಬಳ್ಳಿ

ಅವಳಿ ನಗರವೆಂದು ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿದರೂ ನೋಡುವ ಹೊತ್ತು ಬೇರೆ ಬೇರೆ. ಧಾರವಾಡಕ್ಕೆ ಮುಂಜಾನೆ ಸರಿ. ಹುಬ್ಬಳ್ಳಿಗೆ ಕಳೆ ಬರುವುದು ದೀಪ ಹತ್ತಿದ ಮೇಲೆ. ಹಾಗಾಗಿ ಧಾರವಾಡದಲ್ಲಿ ತಂಗಿ, ಮರುದಿನ ರಾತ್ರಿ ಹುಬ್ಬಳ್ಳಿಯಿಂದ ರೈಲು ಹತ್ತುವಂತೆ ಟಿಕೆಟ್ ತೆಗೆಸಿ. ಅಕ್ಟೋಬರ್‌ನಿಂದ ಫೆಬ್ರುವರಿವರೆಗೆ ಒಳ್ಳೆಯ ಕಾಲ. ಜುಲೈನ ಜಿಟಿಜಿಟಿ ಮಳೆಯೂ ಚೆಂದವೇ, ಕೊಡೆ ಇದ್ದವರಿಗೆ.

ಚಹಾ ಕುಡಿದವರೇ ಲೈನ್ ಬಜಾರಿನ ಠಾಕೂರರ ಪೇಡೆ ಅಂಗಡಿಗೆ ನಡೆಯಿರಿ. ಉತ್ತರ ಪ್ರದೇಶದ ಉನ್ನಾವದಿಂದ ಬಂದ ಮನೆತನ ಅದು. ಮಾಡಿದ್ದು ಮಾರಿ ಮುಗಿದರೆ ಆಯಿತು, ತಡಮಾಡಿದವರಿಗೆ ಸಿಗುವುದಿಲ್ಲ. ಮಿಶ್ರಾ ಪೇಡೆಗೆ ಈ ಅವಸರ ಬೇಡ. ಅದು ಊರಿಡೀ ಸಿಗುತ್ತದೆ.

ಅಲ್ಲಿಂದ ಸಾಧನಕೇರಿ. ಕೆರೆ, ಬೇಂದ್ರೆಯವರ ಮನೆ, ಪಕ್ಕದಲ್ಲೇ ಬೇಂದ್ರೆ ಭವನ. ಸುಭಾಸ ರಸ್ತೆಯಲ್ಲಿ 1933ರಲ್ಲಿ ಶುರುವಾದ ಮನೋಹರ ಗ್ರಂಥಮಾಲೆಯ ‘ಅಟ್ಟ’ವಿದೆ, ಪುಸ್ತಕದ ಹುಚ್ಚಿದ್ದವರು ಮೆಟ್ಟಿಲು ಹತ್ತಲೇಬೇಕು. 1890ರ ಕರ್ನಾಟಕ ವಿದ್ಯಾವರ್ಧಕ ಸಂಘದಲ್ಲಿ ಕಾರ್ಯಕ್ರಮವಿದ್ದರೆ ಹಿಂದಿನ ಸಾಲಿನಲ್ಲಿ ಕೂತುಬಿಡಿ.

ಮಧ್ಯಾಹ್ನ ಖಾನಾವಳಿ. ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಕಾಳು ಪಲ್ಯ, ಶೇಂಗಾ ಹಿಂಡಿ, ಮೊಸರು. ಕೆಂಪು ಚಟ್ನಿಯನ್ನು ಮೊದಲು ಬೆರಳ ತುದಿಯಲ್ಲಿ ನೋಡಿ. “ಇನ್ನೊಂದ್ ರೊಟ್ಟಿ ಹಾಕ್ಲೇನ್ರಿ?” ಎಂದರೆ ಬೇಡವೆನ್ನುವುದು ಕಷ್ಟ. ಊಟಕ್ಕೆ ವೈನ್ ಕೇಳುವವರಿಗೆ ಇದು ಜಾಗವಲ್ಲ. ದ್ರಾಕ್ಷಿಯ ಸೀಮೆ ಮೇಲೆ ವಿಜಯಪುರದ ಕಡೆ. ಇಲ್ಲಿ ಮಜ್ಜಿಗೆ.

ಊರಿಂದೂರಿಗೆ ಸುಮಾರು 20 ಕಿ.ಮೀ. ತಮ್ಮದೇ ಹಾದಿಯಲ್ಲಿ ಓಡುವ ‘ಚಿಗರಿ’ ಬಸ್ಸುಗಳಿವೆ. ಟಿಕೆಟ್ ನಿಲ್ದಾಣದಲ್ಲೇ ಕೊಳ್ಳಬೇಕು. ನಡುವೆ ನಿಲ್ಲದೆ ಹೋಗುವ ಬಸ್ಸೂ ಇರುವುದರಿಂದ ಉಣಕಲ್ಲಿಗೆ ನಿಲ್ಲುತ್ತದೆಯೇ ಎಂದು ಕೇಳಿ ಹತ್ತಿ. ಅಲ್ಲಿನ ಚಂದ್ರಮೌಳೇಶ್ವರ ಗುಡಿ ಚಾಲುಕ್ಯರ ಕಾಲದ್ದು, ನಾಲ್ಕು ದಿಕ್ಕಿಗೂ ಬಾಗಿಲು. ಮನೆಗಳ ನಡುವೆ ಅಡಗಿದೆ, ದಾರಿ ಕೇಳಲು ನಾಚಬೇಡಿ. ನನ್ನ ಮಟ್ಟಿಗೆ ಅವಳಿ ನಗರದಲ್ಲಿ ಮೊದಲು ನೋಡಬೇಕಾದದ್ದೇ ಇದು. ಗಾಜಿನ ಮನೆ ತಪ್ಪಿದರೂ ನಡೆದೀತು. ಹೊತ್ತಿದ್ದರೆ ಸಿದ್ಧಾರೂಢ ಮಠಕ್ಕೂ ಹೋಗಿ ಬನ್ನಿ.

ಸಂಜೆ ದುರ್ಗದ ಬೈಲು. ಈರುಳ್ಳಿ, ಹುಣಸೆ, ಬೆಲ್ಲ ಹಾಕಿ ಕುದಿಸಿದ ಗೊಜ್ಜನ್ನು ಚುರುಮುರಿಗೆ ಸುರಿದು, ಪುಟಾಣಿ ಹಿಟ್ಟು ಉದುರಿಸಿ, ಕಲಸಿ, ಮೇಲೆ ಹಸಿ ಈರುಳ್ಳಿ, ಕೊತ್ತಂಬರಿ, ಸೇವು ಹಾಕಿ ಕೊಡುತ್ತಾರೆ. ಇದೇ ಗಿರ್ಮಿಟ್. ಕೈಗೆ ಬಂದ ಕೂಡಲೇ ತಿನ್ನಿ, ಮಾತಾಡುತ್ತ ನಿಂತರೆ ಮೆತ್ತಗಾಗುತ್ತದೆ. ಜೊತೆಗೆ ಮಿರ್ಚಿ ಭಜಿ. ಮಾಂಸ ತಿನ್ನುವವರು ಹೊಟ್ಟೆಯಲ್ಲಿ ಜಾಗ ಉಳಿಸಿಕೊಂಡು ಸಾವಜಿ ಖಾನಾವಳಿಗೆ ಹೋಗಬಹುದು. ಅಲ್ಲಿನ ಮಟನ್ ಸಾರಿನ ಖಾರಕ್ಕೆ ಕಣ್ಣಲ್ಲೂ ನೀರು ಬರುತ್ತದೆ.

ಅಲ್ಲಿಂದ ಸ್ಟೇಷನ್ನಿಗೆ ಅರ್ಧ ಗಂಟೆ ಮೊದಲೇ ಹೊರಡಿ. ಗೋರಖಪುರವನ್ನು ಹಿಂದೆ ಹಾಕಿ 2023ರಲ್ಲಿ ಜಗತ್ತಿನ ಅತಿ ಉದ್ದದ್ದೆನಿಸಿಕೊಂಡ 1,507 ಮೀಟರ್ ಪ್ಲಾಟ್‌ಫಾರ್ಮ್ ಇಲ್ಲಿಯದು. ನಿಮ್ಮ ಗಾಡಿ ಅದಕ್ಕೇ ಬಂದರೆ ಬೋಗಿ ಯಾವ ತುದಿಗೆ ಎಂದು ಮೊದಲೇ ವಿಚಾರಿಸಿ. ಸಾವಜಿ ಊಟ ಮಾಡಿ ಅಷ್ಟು ದೂರ ಓಡಲಾಗುವುದಿಲ್ಲ.