ಧಾನ್ಯ ಸಾಗಿಸುವ ಬ್ಲೋವರ್: ಪೈಪು ಮತ್ತು ಹೋಸ್ ಜೋಡಣೆಯಲ್ಲಿ ಗಮನಿಸಬೇಕಾದ ಅಂಶಗಳು



ಮೆಕ್ಕೆಜೋಳದ ರಾಶಿಯನ್ನು ಗಾಳಿಯ ಒತ್ತಡದಿಂದ ಗೋದಾಮಿಗೆ ಸಾಗಿಸುವ ಬ್ಲೋವರ್ ಖರೀದಿಯ ಪ್ರಸ್ತಾವಗಳು ರೈತ ಗುಂಪುಗಳಿಂದ ತಮ್ಮ ಮುಂದೆ ಬರಬಹುದು. ಅವುಗಳಲ್ಲಿ ಮೋಟಾರಿನ ಅಶ್ವಶಕ್ತಿ, ಬೆಲೆ, ಖಾತರಿ ಅವಧಿ ಎಲ್ಲವೂ ವಿವರವಾಗಿರುತ್ತವೆ. ಪೈಪಿನ ಬಗ್ಗೆ ಮಾತ್ರ ‘ಅಗತ್ಯ ಪೈಪು ಸಹಿತ’ ಎಂಬ ಒಂದೇ ಸಾಲು. ಯಂತ್ರ ದುಡಿಯುವುದೂ ಮೂಲೆ ಸೇರುವುದೂ ಬಹುಮಟ್ಟಿಗೆ ಆ ಸಾಲನ್ನೇ ಅವಲಂಬಿಸಿದೆ.

ನಾನು ಹಿಂದೆ ಸೇವೆ ಸಲ್ಲಿಸಿದ ಪಂಚಾಯಿತಿಯಲ್ಲಿ ಗುಂಪೊಂದು ಸಾಲ ಪಡೆದು ಇಂತಹ ಯಂತ್ರ ತಂದಿತು. ಜೊತೆಗೆ ಬಂದ 4 ಇಂಚಿನ ಪೈಪು ಚಿಕ್ಕದಾಯಿತೆಂದು, ಹೆಚ್ಚು ಕಾಳು ಹೋಗಲೆಂದು, 6 ಇಂಚಿನದನ್ನು ಕೊಂಡು ಜೋಡಿಸಲಾಯಿತು. ಹತ್ತು ನಿಮಿಷದಲ್ಲಿ ಪೈಪು ಕಟ್ಟಿಕೊಂಡಿತು. ಆ ಸಲಹೆಗೆ ತಲೆಯಾಡಿಸಿದವರಲ್ಲಿ ನಾನೂ ಒಬ್ಬ. ಓದಿದ ಎಂಜಿನಿಯರಿಂಗ್ ಆ ದಿನ ನೆನಪಿಗೆ ಬರಲಿಲ್ಲ.

ಕಾಳು ಗಾಳಿಯಲ್ಲಿ ತೇಲುತ್ತ ಸಾಗಲು ಪೈಪಿನೊಳಗೆ ಗಾಳಿಯು ಸೆಕೆಂಡಿಗೆ ಸುಮಾರು 20ರಿಂದ 25 ಮೀಟರ್ ವೇಗದಲ್ಲಿ ಹರಿಯಬೇಕು. 4 ಇಂಚಿನ ಪೈಪಿನಲ್ಲಿ 25 ಮೀಟರ್ ವೇಗಕ್ಕೆ ಗಂಟೆಗೆ ಸುಮಾರು 700 ಘನ ಮೀಟರ್ ಗಾಳಿ ಸಾಕು. ಅಷ್ಟೇ ಗಾಳಿಯನ್ನು 6 ಇಂಚಿನ ಪೈಪಿಗೆ ಬಿಟ್ಟರೆ ವ್ಯಾಸ ಒಂದೂವರೆ ಪಟ್ಟಾದರೂ ಪೈಪಿನ ಬಾಯಿಯ ವಿಸ್ತೀರ್ಣ ಎರಡೂಕಾಲು ಪಟ್ಟಾಗುತ್ತದೆ; ವೇಗ 11 ಮೀಟರಿನ ಆಸುಪಾಸಿಗೆ ಇಳಿದು ಕಾಳು ತಳದಲ್ಲಿ ಕೂರುತ್ತದೆ. ವೇಗ ಅತಿಯಾದರೆ ಕಾಳು ಒಡೆದು ನುಚ್ಚಾಗುತ್ತದೆ, ಬಾಗುಗಳು ಸವೆಯುತ್ತವೆ. ಆದುದರಿಂದ ತಯಾರಕರು ಸೂಚಿಸಿದ ವ್ಯಾಸವನ್ನು ಬದಲಿಸತಕ್ಕದ್ದಲ್ಲ.

ಕಾಳು ಬೀಳುವ ಬಾಯಿಯಿಂದ ಮುಂದೆ ಕೆಲವು ಮೀಟರ್ ನೇರ ಪೈಪು ಇರಲಿ. ಕಾಳು ವೇಗ ಹಿಡಿಯಲು ಅಷ್ಟು ದೂರ ಬೇಕು. ನೀರಿನ ಪೈಪಿಗೆ ಹಾಕುವ ಗಿಡ್ಡ ಎಲ್ಬೋ ಇಲ್ಲಿ ಸಲ್ಲದು, ಅಗಲವಾಗಿ ತಿರುಗುವ ಬಾಗೇ ಆಗಬೇಕು. ಪೈಪನ್ನು ಓರೆಯಾಗಿ ಏರಿಸಿದರೆ ಕಾಳು ಹಿಂದಕ್ಕೆ ಜಾರುತ್ತದೆ. ಮಟ್ಟವಾಗಿ ಒಯ್ದು ನೆಟ್ಟಗೆ ಏರಿಸುವುದು ಲೇಸು.

ಸುರುಳಿತಂತಿಯ ಹೋಸ್ ಬೇಕಾದತ್ತ ಬಾಗುತ್ತದೆಂದು ಇಡೀ ದಾರಿಗೆ ಅದನ್ನೇ ಹಾಕುವವರುಂಟು. ಅದರ ಒಳಮೈ ನಯವಾಗಿಲ್ಲದ ಕಾರಣ ಒತ್ತಡ ಉಕ್ಕಿನ ಪೈಪಿಗಿಂತ ಬಹಳ ಬೇಗ ಕುಗ್ಗುತ್ತದೆ. ತುದಿಯಲ್ಲಿ, ಬಾಯಿ ತಿರುಗಿಸಬೇಕಾದಷ್ಟು ಉದ್ದಕ್ಕೆ ಮಾತ್ರ ಹೋಸ್ ಬಳಸಿ, ಜೋತುಬೀಳದಂತೆ ಆಸರೆ ಕೊಡಬೇಕು. ಹೋಸಿನ ತಂತಿಯನ್ನು ಎರಡೂ ಕಡೆ ಲೋಹಕ್ಕೆ ಸೇರಿಸಿ ಅರ್ಥಿಂಗ್ ಮಾಡಿಸುವುದನ್ನು ದಯವಿಟ್ಟು ಯಾರೂ ಕಡೆಗಣಿಸಬಾರದು. ಕಾಳಿನ ಉಜ್ಜುವಿಕೆಯಿಂದ ಸ್ಥಿರವಿದ್ಯುತ್ ಶೇಖರವಾಗುತ್ತದೆ. ಮುಚ್ಚಿದ ಗೋದಾಮಿನಲ್ಲಿ ದಟ್ಟವಾಗಿ ಹಾರಾಡುವ ಧಾನ್ಯದ ದೂಳು ಒಂದು ಕಿಡಿಗೆ ಸ್ಫೋಟಿಸಬಲ್ಲದು. ಬೀಡಿ ಸೇದುವವರನ್ನು ಹೊರಗೆ ಕಳುಹಿಸುವಾಗ ಹಿರಿಯರೆಂಬ ದಾಕ್ಷಿಣ್ಯವೂ ಬೇಡ.

ಮೊದಲು ಗಾಳಿ, ಅನಂತರ ಕಾಳು. ನಿಲ್ಲಿಸುವಾಗ ಮೊದಲು ಕಾಳು, ಪೈಪು ಬರಿದಾದ ಮೇಲೆ ಗಾಳಿ. ಪೈಪು ಕಟ್ಟಿಕೊಂಡರೆ ವಿದ್ಯುತ್ ತಪ್ಪಿಸಿ, ಫ್ಯಾನ್ ಪೂರ್ತಿ ನಿಂತ ಬಳಿಕವೇ ಕ್ಲಾಂಪ್ ಬಿಚ್ಚತಕ್ಕದ್ದು.

ದರಪಟ್ಟಿಯಲ್ಲಿ ಪೈಪಿನ ವ್ಯಾಸ, ಒಟ್ಟು ಉದ್ದ, ಏರಬೇಕಾದ ಎತ್ತರ, ಬಾಗುಗಳ ಸಂಖ್ಯೆ ಮತ್ತು ಹೋಸಿನ ಉದ್ದವನ್ನು ಪ್ರತ್ಯೇಕವಾಗಿ ಬರೆಯಿಸಿಕೊಳ್ಳಬೇಕು. ಬಿಲ್ಲಿಗೆ ಶಿಫಾರಸು ಮಾಡುವ ಮುನ್ನ, ಮಾರಾಟಗಾರರ ಅಂಗಳದಲ್ಲಲ್ಲ, ನಮ್ಮದೇ ಗೋದಾಮಿನಲ್ಲಿ, ನಮ್ಮದೇ ಕಾಳು ಹಾಕಿ ಅರ್ಧ ಗಂಟೆ ಓಡಿಸಿ ನೋಡಬೇಕು. ಮೇಲೆ ಹೇಳಿದ ಗುಂಪಿನ ಯಂತ್ರ 4 ಇಂಚಿನ ಪೈಪನ್ನು ಮರಳಿ ಜೋಡಿಸಿದ ಮೇಲೆ ಸರಿಯಾಗಿ ನಡೆಯಿತು. 6 ಇಂಚಿನ ಪೈಪಿಗೆ ತೆತ್ತ ಹಣ ಮಾತ್ರ ಅವರ ಸಾಲದ ಲೆಕ್ಕದಲ್ಲೇ ಉಳಿಯಿತು.