ಸಂಘದ ಕಂಪ್ಯೂಟರಿನ ತಪ್ಪುಗಳಿಗೂ ಒಂದು ಕಿರ್ದಿ



ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘಗಳ ಲೆಕ್ಕವನ್ನು ಕಂಪ್ಯೂಟರಿಗೆ ಏರಿಸುವ ಯೋಜನೆಗೆ ಕೇಂದ್ರ ಸರ್ಕಾರವು 2022ರ ಜೂನ್ ತಿಂಗಳಲ್ಲಿ ಒಪ್ಪಿಗೆ ಕೊಟ್ಟಿತು. ಆಗ ಗೊತ್ತುಮಾಡಿದ್ದು ದೇಶದ 63,000 ಸಂಘಗಳನ್ನು. ಹೀಗೆ ಲೆಕ್ಕ ಏರಿದ ಸಂಘದಲ್ಲಿ ಕಾರ್ಯದರ್ಶಿಯವರ ಮೇಜಿನ ಮೇಲಿರುವ ಪರದೆಯೇ ಖಾತೆ ಪುಸ್ತಕವೆಂದು ಹಲವರು ತಿಳಿದಿದ್ದಾರೆ. ಅದು ಹಾಗಲ್ಲ. ಪುಸ್ತಕವಿರುವುದು ದೂರದ ಯಂತ್ರದಲ್ಲಿ; ಅದಕ್ಕೆ ಡೇಟಾಬೇಸ್ ಎನ್ನುತ್ತಾರೆ. ಮೇಜಿನ ಮೇಲಿನದು ಚೀಟಿ ಒಯ್ದು ಉತ್ತರ ತರುವ ಆಳು ಮಾತ್ರ.

ಈ ಆಳು ನಡುದಾರಿಯಲ್ಲಿ ನಿಂತರೆ ಏನಾಗುತ್ತದೆ? ಸಾಲದ ಗಡುವಿನ ಕೊನೆಯ ದಿನ ನೀವು 40,000 ರೂಪಾಯಿ ಕಟ್ಟಲು ಹೋಗಿದ್ದೀರಿ ಎನ್ನಿ. ಕಾರ್ಯದರ್ಶಿಯವರು ಗುಂಡಿ ಒತ್ತಿದರು, ಸಂಪರ್ಕ ಕಡಿಯಿತೆಂದು ಪರದೆ ಹೇಳಿತು. ಚೀಟಿ ತಲಪಲೇ ಇಲ್ಲದಿರಬಹುದು. ಇಲ್ಲವೆ ಚೀಟಿ ತಲಪಿ, ಜಮಾ ಬರೆದಾಗಿ, ಉತ್ತರ ಮಾತ್ರ ಕಳೆದಿರಬಹುದು. ಮೊದಲನೆಯದಾದರೆ ನೀವು ಸುಸ್ತಿದಾರರಾಗಿ ಬಡ್ಡಿ ರಿಯಾಯಿತಿ ಕಳೆದುಕೊಳ್ಳುವಿರಿ. ಎರಡನೆಯದಾಗಿದ್ದು ಮತ್ತೊಮ್ಮೆ ಗುಂಡಿ ಒತ್ತಿದರೆ ಒಂದೇ ಹಣ ಎರಡು ಸಲ ಜಮಾ ಬಿದ್ದು ಲೆಕ್ಕ ತಪ್ಪುತ್ತದೆ. ಆದುದರಿಂದ ಮೊದಲು ಖಾತೆ ತೆರೆದು ನೋಡಬೇಕು, ಆಮೇಲೆ ಗುಂಡಿ. ಹಣ ಕೊಟ್ಟ ರಸೀದಿಯನ್ನು ನೀವು ಬಿಡಬೇಡಿ.

ಒಳ್ಳೆಯ ಪ್ರೋಗ್ರಾಂ ಇಂಥ ಪ್ರತಿಯೊಂದು ತಪ್ಪನ್ನೂ ತಾನೇ ಒಂದು ಕಡತದಲ್ಲಿ ಬರೆಯುತ್ತದೆ. ಇದನ್ನು ಲಾಗ್ ಎನ್ನುತ್ತಾರೆ. ನಾನು ತಪ್ಪಿನ ಕಿರ್ದಿ ಎನ್ನುತ್ತೇನೆ. ಬರೆಯದಿದ್ದರೆ ನೋಟ್‌ಬುಕ್ಕಿನಲ್ಲಿ ಕೈಯಿಂದಲೇ ಬರೆಯಬಹುದು. ಆದರೆ “ಕಂಪ್ಯೂಟರ್ ಕೆಟ್ಟಿತ್ತು” ಎಂದು ಬರೆದರೆ ಯಾರಿಗೂ ಉಪಯೋಗವಿಲ್ಲ. “ಮಾರ್ಚ್ 29, ಬೆಳಿಗ್ಗೆ 11-42, ಸಾಲ ಮರುಪಾವತಿ, ಸದಸ್ಯ ಸಂಖ್ಯೆ 117, ಸಂಕೇತ 08006, ಖಾತೆ ನೋಡಿದಾಗ ಜಮಾ ಆಗಿರಲಿಲ್ಲ” ಎಂದಿರಬೇಕು.

ಆ ಸಂಕೇತವೇ ಮುಖ್ಯ. ಹಲವು ಡೇಟಾಬೇಸ್‌ಗಳು ಐದು ಅಕ್ಷರಗಳ ಸಂಕೇತ ಕೊಡುತ್ತವೆ. ಮೊದಲೆರಡು ಅಕ್ಷರ ತಪ್ಪಿನ ಜಾತಿಯನ್ನು ಹೇಳುತ್ತವೆ. 08 ಎಂದರೆ ಸಂಪರ್ಕದ ತೊಂದರೆ, ತಂತಿಯ ಕಡೆ ನೋಡಿ. 28 ಎಂದರೆ ಹೆಸರು ಅಥವಾ ಗುಪ್ತಪದ ಒಪ್ಪಿಗೆಯಾಗಿಲ್ಲ. 23 ಎಂದರೆ ಬರೆದದ್ದು ಪುಸ್ತಕದ ನಿಯಮಕ್ಕೆ ಹೊಂದಿಲ್ಲ. ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸಿನಲ್ಲಿ 23505 ಬಂದರೆ, ಒಂದೇ ಇರಬೇಕಾದ ಸಂಖ್ಯೆ ಆಗಲೇ ದಾಖಲಾಗಿದೆ ಎಂದರ್ಥ. ಇದಕ್ಕೆ ಗಾಬರಿ ಬೇಡ. ರಸೀದಿ ಸಂಖ್ಯೆ ಎರಡು ಸಲ ಬರದಂತೆ ಕಟ್ಟು ಹಾಕಿದ್ದರೆ, ಮೊದಲ ಚೀಟಿ ತಲಪಿರುವುದನ್ನೇ ಅದು ಹೇಳುತ್ತಿರಬಹುದು.

ಮಳೆಮಾಪಕವನ್ನು ದಿನವೂ ಬೆಳಿಗ್ಗೆ 8-30ಕ್ಕೆ ನೋಡುತ್ತಾರೆ. ಮಳೆಯಿಲ್ಲದ ದಿನವೂ ಸೊನ್ನೆ ಬರೆಯುತ್ತಾರೆ. ಬರೆಯದಿದ್ದರೆ ಮಳೆ ಬರಲಿಲ್ಲವೋ, ನೋಡುವವರು ಬರಲಿಲ್ಲವೋ ತಿಳಿಯದು. ತಪ್ಪಿನ ಕಿರ್ದಿಯಲ್ಲೂ ದಿನಕ್ಕೊಂದು “ಪ್ರಾರಂಭವಾಯಿತು” ಎಂಬ ಸಾಲಿರಬೇಕು. ಮೇಜಿನ ಯಂತ್ರಕ್ಕೂ ದೂರದ ಯಂತ್ರಕ್ಕೂ ಗಡಿಯಾರ ಒಂದೇ ಇರಬೇಕು, ಇಲ್ಲದಿದ್ದರೆ ಎರಡು ಕಡೆಯ ಸಾಲುಗಳನ್ನು ತಾಳೆ ನೋಡಲಾಗದು. ಗುಪ್ತಪದ, ಆಧಾರ್ ಸಂಖ್ಯೆ ಅದರಲ್ಲಿ ಕೂಡದು. ದಿನಕ್ಕೊಂದು ಕಡತ ಮಾಡಿ ಪ್ರತಿಯನ್ನು ಬೇರೆಡೆ ಇಡಬೇಕು. ಯಂತ್ರ ಸುಟ್ಟರೆ ಕಿರ್ದಿಯೂ ಹೋಗುತ್ತದಲ್ಲ! ಲೆಕ್ಕ ತಪಾಸಣೆ ಮುಗಿದ ಹಳೆಯ ಕಡತಗಳನ್ನು ತೆಗೆಯದಿದ್ದರೆ ಯಂತ್ರದ ಕಣಜ ತುಂಬಿ ಕೆಲಸವೇ ನಿಲ್ಲಬಹುದು.

ತಿಂಗಳಿಗೊಮ್ಮೆ ಆಡಳಿತ ಮಂಡಳಿಯ ಸಭೆಯಲ್ಲಿ ಯಾವ ಸಂಕೇತ ಎಷ್ಟು ಸಲ, ಯಾವ ಹೊತ್ತಿನಲ್ಲಿ ಬಂತೆಂದು ಎಣಿಸಿರಿ. ಪಂಪ್‌ಸೆಟ್ಟಿಗೆ ತ್ರೀಫೇಸ್ ಕರೆಂಟು ಬಿಡುವ ಹೊತ್ತಿನಲ್ಲೇ 08ರ ಸಾಲುಗಳು ಬಿದ್ದಿದ್ದರೆ, ಪ್ರೋಗ್ರಾಂ ಕೊಟ್ಟವರನ್ನು ಕರೆಸುವ ಮೊದಲು ಸಂಘದ ಬ್ಯಾಟರಿಯನ್ನು ಪರೀಕ್ಷಿಸಿರಿ.